ಹುರಿದ ಬಾರ್ಲಿಯೋ, ಚಾಕೊಲೇಟ್ ಮಾಲ್ಟೋ, ನಮ್ಮ ಬಿಳಿಜೋಳವೋ?

ಸ್ಟೌಟ್ ಎಂಬ ಕಪ್ಪು ಬಿಯರನ್ನು ಮೊದಲ ಸಲ ಬಾಯಿಗಿಟ್ಟವರು ಸಾಮಾನ್ಯವಾಗಿ ಕೇಳೋದು ಒಂದೇ: "ಇದರಾಗ ಕಾಫಿಪುಡಿ ಹಾಕ್ಯಾರೇನು?" ಬಹಳಷ್ಟು ಸ್ಟೌಟ್‌ಗಳಲ್ಲಿ ಕಾಫಿಯ ಒಂದು ಬೀಜವೂ ಇರುವುದಿಲ್ಲ. ಆ ಕಪ್ಪು ಬಣ್ಣ, ಆ ಕಹಿ, ಆ ಸುಟ್ಟ ವಾಸನೆ ಎಲ್ಲವೂ ಹುರಿದ ಕಾಳಿನದು. ಅದೂ ಒಟ್ಟು ಕಾಳಿನಲ್ಲಿ ಹತ್ತರಲ್ಲೊಂದು ಪಾಲು ಇದ್ದರೆ ಹೆಚ್ಚು. ಉಳಿದದ್ದರಲ್ಲಿ ಬಹುಪಾಲು ಹಳದಿ ಬಿಯರಿಗೂ ಹಾಕುವ ತಿಳಿ ಮಾಲ್ಟೇ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಹಾಗಾಗಿ ಎರಡು ಸ್ಟೌಟ್ ಪಕ್ಕಪಕ್ಕ ಇಟ್ಟರೆ ನಾನು ಹೆಸರನ್ನೂ ನೋಡುವುದಿಲ್ಲ, ಆಲ್ಕೋಹಾಲ್ ಶೇಕಡಾ ಎಷ್ಟು ಅಂತಲೂ ನೋಡುವುದಿಲ್ಲ. ಯಾವ ಕಾಳು, ಎಷ್ಟು ಹುರಿದದ್ದು, ಇಷ್ಟೇ ವಿಚಾರಿಸುತ್ತೇನೆ.

ಬೆಳಗಾವಿಯ ಉದ್ಯಮಬಾಗದ ಮಷೀನ್ ಶಾಪ್ ಬಿಟ್ಟು ಕೆಲವು ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸಕ್ಕಿದ್ದಾಗ ಮನೆಯಲ್ಲೇ ಬಿಯರ್ ಮಾಡುವ ಚಟ ಹತ್ತಿತು. ಬ್ರಿಟನ್ನಿನಲ್ಲಿ 1963ರಲ್ಲೇ ಮನೆಬಿಯರಿಗೆ ಲೈಸೆನ್ಸ್ ಬೇಕೆಂಬ ನಿಯಮ ತೆಗೆದುಹಾಕಿದ್ದಾರೆ; ಮಾರಾಟ ಮಾಡದಿದ್ದರೆ ಸಾಕು. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಿಮ್ಮ ಬಕೆಟ್ ಸಣ್ಣದು ಅನ್ನುವ ರಿಯಾಯಿತಿ ಇಲ್ಲ. ಆದ್ದರಿಂದ ಈ ಹೋಲಿಕೆಯಲ್ಲಿ ಯೀಸ್ಟ್ ಹಾಕಿ ಹುಳಿಸಿದ್ದೆಲ್ಲ ಬರ್ಮಿಂಗ್‌ಹ್ಯಾಮಿನದು. ಬೆಳಗಾವಿಯ ಅಡುಗೆಮನೆಯಲ್ಲಿ ನಡೆದದ್ದು ಹುರಿಯೋದು, ನೆನೆಹಾಕೋದು, ಸೋಸಿ ರುಚಿ ನೋಡೋದು, ಅಷ್ಟೇ.

ಅಲ್ಲಿ ನಾನು ಹಿಡಿದ ದಾರಿ ಸರಳ. ತಿಳಿ ಮಾಲ್ಟಿನ ಜೊತೆ ಬಾರ್ಲಿ ಅವಲಕ್ಕಿ ಸೇರಿಸಿ 66–67 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ಬಿಡುವುದು. ಸೋಸಿದ ಸಿಹಿರಸಕ್ಕೆ ಕಹಿ ಕೊಡುವ ಹಾಪ್ಸ್ ಹೂ ಹಾಕಿ ಕುದಿಸಿ, ತಣಿಸಿ, ಗ್ಯಾಲನ್ ಗಾತ್ರದ ಗಾಜಿನ ಜಾಡಿಗಳಿಗೆ ಸಮನಾಗಿ ಹಂಚುವುದು. ಕಪ್ಪು ಕಾಳುಗಳನ್ನು ಮಾತ್ರ ಬೇರೆ ಬೇರೆ ಪಾತ್ರೆಯಲ್ಲಿ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಆ ಕಪ್ಪು ನೀರನ್ನು ಒಂದು ಕುದಿ ಬರಿಸಿ, ಆರಿಸಿ, ಒಂದೊಂದು ಜಾಡಿಗೆ ಒಂದೊಂದನ್ನು ಸುರಿಯುವುದು. ಎಲ್ಲದಕ್ಕೂ ಐರಿಶ್ ಏಲ್ ಯೀಸ್ಟ್ ಒಂದೇ, ನೀರು ಒಂದೇ, 18–20 ಡಿಗ್ರಿಯ ಕೋಣೆಯೂ ಒಂದೇ. ಕೊನೆಗೆ ರುಚಿ ಬೇರೆಯಾದರೆ ಅದಕ್ಕೆ ಕಾರಣ ಕಾಳು ಮಾತ್ರ.

ಹುರಿದ ಬಾರ್ಲಿಯ ಜಾಡಿ ಎಲ್ಲರಿಗಿಂತ ಮುಂದೆ ನಿಂತಿತು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಇದು ಮೊಳಕೆ ಬರಿಸದ ಬಾರ್ಲಿ; ಹಾಗೆಯೇ ಕಪ್ಪಾಗುವವರೆಗೆ ಹುರಿಯುತ್ತಾರೆ. ಕಾಫಿ ಅನ್ನುವ ಭ್ರಮೆ ಹುಟ್ಟಿಸುವುದು ಇದೇ. ಬಾಯಲ್ಲಿ ಮೊದಲು ಚುರುಕು, ನಡುವೆ ಒಂದು ಸಣ್ಣ ಹುಳಿ, ಕೊನೆಗೆ ನಾಲಿಗೆ ಒಣಗಿಸಿ ಹೋಗುತ್ತದೆ. ಮತ್ತೊಂದು ಗುಟುಕು ಬೇಕು ಅನ್ನಿಸುವುದು ಆ ಒಣಗಿನಿಂದಲೇ. ತಿಳಿ ಮಾಲ್ಟ್ ಶೇ. 70, ಬಾರ್ಲಿ ಅವಲಕ್ಕಿ ಶೇ. 20, ಹುರಿದ ಬಾರ್ಲಿ ಶೇ. 10, ಇದು ಐರಿಶ್ ಡ್ರೈ (ಸಿಹಿಯಿಲ್ಲದ) ಸ್ಟೌಟಿನ ಹಳೆಯ ಲೆಕ್ಕ. ಇದನ್ನು ತಿದ್ದಬೇಕು ಅಂತ ನನಗೆ ಎಂದೂ ಅನ್ನಿಸಿಲ್ಲ. ಕಪ್ಪಗಿದೆ ಅಂದರೆ ಭಾರಿ ಅಮಲು ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಡಬ್ಲಿನ್ನಿನ ಗಿನ್ನೆಸ್ ಡ್ರಾಫ್ಟ್ ಶೇ. 4.2ರ ಸುತ್ತ ಇರುತ್ತದೆ. ನಮ್ಮ ವೈನ್‌ಶಾಪಿನ 'ಸ್ಟ್ರಾಂಗ್' ಬಾಟಲಿಗಳು ತಿಳಿ ಬಣ್ಣದವೇ ಆದರೂ ಅದಕ್ಕಿಂತ ಎಷ್ಟೋ ಜೋರು.

ಚಾಕೊಲೇಟ್ ಮಾಲ್ಟಿನಲ್ಲಿ ಚಾಕೊಲೇಟ್ ಇಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ, ಆಮೇಲೆ ಗಾಢ ಕಂದು ಬರುವವರೆಗೆ ಹುರಿದದ್ದು. ಅದರ ಜಾಡಿ ಬೆಳಕಿಗೆ ಹಿಡಿದರೆ ಅಂಚು ಕೆಂಪಗೆ ಕಾಣುತ್ತಿತ್ತು. ರುಚಿ ದುಂಡಗೆ, ಹುರಿದ ಶೇಂಗಾದ ಕಡೆ ಸ್ವಲ್ಪ ವಾಲಿದ್ದು, ಕಹಿ ಕಡಿಮೆ. ಮೊದಲ ಸಲ ಕುಡಿಯುವವರಿಗೆ ಇದನ್ನೇ ಕೊಡಿ. ಆದರೆ ಅರ್ಧ ಗ್ಲಾಸ್ ಮುಗಿಯುವಷ್ಟರಲ್ಲಿ ನನಗೆ ಅದು ಸಪ್ಪೆಯಾಗಿ, ಕೈ ತಾನಾಗಿ ಬಾರ್ಲಿ ಜಾಡಿಯ ಕಡೆ ಹೋಗುತ್ತಿತ್ತು.

ಪೂರ್ತಿ ಕಪ್ಪಾಗುವವರೆಗೆ ಹುರಿದ ಬ್ಲ್ಯಾಕ್ ಮಾಲ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟ್ ಹುರಿಯುವ ಡ್ರಮ್ಮಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಚಿಟಿಕೆಯಷ್ಟರಲ್ಲಿ ಕಪ್ಪು ಬರುವುದರಿಂದ ಪೋರ್ಟರ್ ಎಂಬ ಗಾಢ ಬಣ್ಣದ ಬಿಯರ್ ಮಾಡುವವರಿಗೆ ಖರ್ಚು ಇಳಿಯಿತು. ಬಣ್ಣಕ್ಕೆ ಸರಿ. ಶೇ. 10ರಷ್ಟು ಅದನ್ನೇ ಹಾಕಿದ ನನ್ನ ಜಾಡಿ ಬೂದಿ ಬೂದಿ ಅನ್ನುತ್ತಿತ್ತು. ಸಿಪ್ಪೆ ತೆಗೆದು ಹುರಿದ ಕಪ್ಪು ಮಾಲ್ಟೂ ಸಿಗುತ್ತದೆ, ಅದರಲ್ಲಿ ಆ ಒಗರು ಬಹಳ ಕಡಿಮೆ.

ಇವು ಕಾಳಿನ ಮಾತಾದವು. ತಯಾರಾದ ಸ್ಟೌಟ್‌ಗಳನ್ನು ಬಗೆಬಗೆಯಾಗಿ ಎದುರಿಟ್ಟು ನೋಡಬೇಕೆಂದರೆ ಬೆಳಗಾವಿಯವರಿಗೆ ಚೋರ್ಲಾ ಘಾಟ್ ಇಳಿದರೆ ಗೋವಾ ಇದೆ. ಕುಡಿದ ರಾತ್ರಿ ಅಲ್ಲೇ ತಂಗುವುದು ನಮ್ಮ ಗುಂಪಿನ ಕಟ್ಟಪ್ಪಣೆ. ಆ ತಿರುವುಗಳಲ್ಲಿ ಮಂಜು ಬಿದ್ದರೆ ಕುಡಿಯದವನಿಗೇ ರಸ್ತೆ ಕಾಣುವುದಿಲ್ಲ. ಡ್ರೈ, ಮಿಲ್ಕ್, ಇಂಪೀರಿಯಲ್, ಈ ಮೂರನ್ನು ಸಣ್ಣ ಗ್ಲಾಸ್‌ಗಳಲ್ಲಿ ತರಿಸಿ, ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕುಂದಾ ಜೊತೆಗಿಟ್ಟುಕೊಂಡು ಕೂತಿದ್ದೆವು. ಮೊದಲು ಮಾಡಿದ ಕೆಲಸ, ಫ್ರೀಜರಿನ ಗ್ಲಾಸ್ ವಾಪಸ್ ಕಳಿಸಿದ್ದು. ಸ್ಟೌಟ್ ಮಂಜುಗಡ್ಡೆಯಷ್ಟು ತಣ್ಣಗಿದ್ದರೆ ಹುರಿದ ವಾಸನೆ ಏಳುವುದೇ ಇಲ್ಲ, ಕಹಿ ಮಾತ್ರ ಉಳಿಯುತ್ತದೆ. 8–12 ಡಿಗ್ರಿಗೆ ಬಂದಾಗ ಅದೇ ಗ್ಲಾಸ್ ಬೇರೆಯಾಗಿರುತ್ತದೆ.

ಮಿಲ್ಕ್ ಸ್ಟೌಟಿಗೆ ಹಾಲು ಹಾಕುವುದಿಲ್ಲ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹಾಕುತ್ತಾರೆ. ಬಿಯರಿನ ಯೀಸ್ಟಿಗೆ ಅದನ್ನು ತಿನ್ನಲು ಬರುವುದಿಲ್ಲ, ಹಾಗಾಗಿ ಸಿಹಿ ಕೊನೆಯವರೆಗೂ ಉಳಿಯುತ್ತದೆ. ಹಾಲು ಆಗಿಬರದವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಗೆಳೆಯರಲ್ಲಿ ಹೆಚ್ಚಿನವರು ಮೊದಲ ಗುಟುಕಿಗೇ ಇದಕ್ಕೆ ಮತ ಹಾಕಿದರು. ಖಾರದ ಶೇಂಗಾ ಚಟ್ನಿಗೆ ಇದು ಚೆನ್ನಾಗಿ ಕೂಡಿತು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಕುಂದಾ ಜೊತೆ ಮಾತ್ರ ಸಿಹಿಯ ಮೇಲೆ ಸಿಹಿ; ಎರಡಕ್ಕೂ ಅನ್ಯಾಯ.

ಇಂಪೀರಿಯಲ್ ಸ್ಟೌಟ್ ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನಿಂದ ಬಾಲ್ಟಿಕ್ ಕಡೆಗೆ, ರಷ್ಯಾದ ಆಸ್ಥಾನದವರೆಗೂ ಹಡಗೇರಿ ಹೋಗುತ್ತಿದ್ದ ಜಾತಿಯದು. ಶೇ. 9–10 ಅಂದರೆ ಮಾಮೂಲು. ಒಣದ್ರಾಕ್ಷಿ, ಕಾಕಂಬಿ, ಸುಟ್ಟ ಸಕ್ಕರೆ ಎಲ್ಲ ಅದರಲ್ಲಿವೆ, ಸುಳ್ಳು ಹೇಳಲಾರೆ. ಆದರೆ ಖಾರದ ಊಟದ ಜೊತೆ ಅದು ಶತ್ರು. ಆಲ್ಕೋಹಾಲ್ ಏರಿದಷ್ಟೂ ಮೆಣಸಿನಕಾಯಿಯ ಉರಿ ಏರುತ್ತದೆ. ಗುಂಪಿನ ಹಿರಿಯರೊಬ್ಬರು, ನಾವೆಲ್ಲ ಕಾಕಾ ಅನ್ನುವವರು, ಮಿರ್ಚಿ ಭಜಿ ಕಚ್ಚಿ ಒಂದು ಗುಟುಕು ಕುಡಿದು, "ತಮ್ಮಾ, ಇದು ಬಿಯರ್ ಅಲ್ಲೋ, ಕಷಾಯ ಐತಿ" ಅಂತ ಗ್ಲಾಸ್ ಸರಿಸಿಬಿಟ್ಟರು. ಉಂಡಾದ ಮೇಲೆ ಒಂದು ಸಣ್ಣ ಗ್ಲಾಸ್, ಹತ್ತಿರದಲ್ಲಿ ಏನೂ ತಿನ್ನದೆ, ಆಗ ಕುಡಿಯಲಿ. ಅದಕ್ಕಿಂತ ಹೆಚ್ಚು ನನಗೆ ಬೇಡ.

ಕುಂದಾಕ್ಕೆ ಜೋಡಿಯಾದದ್ದು ಡ್ರೈ ಸ್ಟೌಟ್. ಕಾಸಿ ಕಾಸಿ ಕೆಂಪಾದ ಹಾಲಿನ ಸಿಹಿ, ಅದರ ಹಿಂದೆಯೇ ಹುರಿದ ಬಾರ್ಲಿಯ ಕಹಿ. ಕ್ಯಾಂಪಿನ ಗೆಳೆಯನೊಬ್ಬ, ಬಿಯರಿನ ಜೊತೆ ಸಿಹಿ ತಿನ್ನುವುದೇ ತಪ್ಪು ಅಂತ ವಾದಿಸುತ್ತಿದ್ದವನು, ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. ಅಂದಹಾಗೆ, ಡ್ರೈ ಸ್ಟೌಟಿನ ಮೇಲಿನ ಕೆನೆನೊರೆಯನ್ನು ನೋಡಿ ಕಾಳಿಗೆ ಅಂಕ ಕೊಡಬೇಡಿ. ಅದು ನೈಟ್ರೋಜನ್ ಗ್ಯಾಸಿನ ಕೆಲಸ. ಬರೀ ಕಾರ್ಬನ್ ಡೈಆಕ್ಸೈಡ್ ತುಂಬಿದ ಬಾಟಲಿಯಲ್ಲಿ ಅದೇ ಬಿಯರ್ ನಾಲಿಗೆಗೆ ಚುಚ್ಚುತ್ತದೆ, ಕಹಿಯೂ ಎದ್ದು ಕಾಣುತ್ತದೆ. ಹೋಲಿಸುವಾಗ ಎರಡೂ ನೈಟ್ರೋ ಇರಬೇಕು, ಇಲ್ಲವೇ ಎರಡೂ ಇರಬಾರದು.

ಈಗ ಜೋಳ. ಇಂಡಿ ಕಡೆಯ ನಮ್ಮ ಸೋದರತ್ತೆಯ ಮಗ ಬೆಂಗಳೂರಿನ ಒಂದು ಬ್ರೂಪಬ್ಬಿನಲ್ಲಿ ಸಹಾಯಕ ಬ್ರೂವರ್. ಊರಿಗೆ ಬಂದಾಗ ಒಂದು ಕೈಯಲ್ಲಿ ಮಾಲ್ಟಿನ ಪೊಟ್ಟಣ, ಇನ್ನೊಂದರಲ್ಲಿ ಅತ್ತೆ ಕಳಿಸಿದ ಮಾಲದಂಡಿ ಜೋಳದ ಚೀಲ ಹಿಡಿದು ಬಂದ. "ಅಣ್ಣಾ, ನೈಜೀರಿಯಾದಾಗ ಗಿನ್ನೆಸ್‌ಗೆ ಜೋಳ ಹಾಕ್ತಾರಂತ. ನಮ್ಮ ಜೋಳ ಏನ್ ಪಾಪ ಮಾಡೈತಿ?" ಅಂದ. ಮಾತು ನಿಜ. ನೈಜೀರಿಯಾ ಸರ್ಕಾರ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದು ನಿಷೇಧಿಸಿತು. ಅಲ್ಲಿನ ಬ್ರೂವರಿಗಳು ಜೋಳಕ್ಕೆ ತಿರುಗಿದವು. ಗಿನ್ನೆಸ್ಸಿನ ಶೇ. 7.5ರ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ ಆ ದೇಶದಲ್ಲಿ ಜೋಳದ ಮೇಲೇ ನಿಂತದ್ದು.

ಹುರಿಯುವುದರಲ್ಲೇ ಜೋಳ ತನ್ನ ಗುಣ ತೋರಿಸಿತು. ಕಾದ ಹಂಚಿನ ಮೇಲೆ ಹಾಕಿದರೆ ಪಟಪಟ ಸಿಡಿದು ಅಳ್ಳಾಗುತ್ತದೆ. "ಪಂಚಮಿ ಇನ್ನೂ ದೂರ ಐತಲ್ಲೋ, ಈಗ್ಯಾಕ ಅಳ್ಳು?" ಅಂತ ಅವ್ವ ಒಳಗಿಂದಲೇ ಕೇಳಿದಳು. ಉಪಾಯ ಅಂದರೆ ಕಬ್ಬಿಣದ ಬಾಣಲೆ, ಸಣ್ಣ ಉರಿ, ಕೈ ಬಿಡದೆ ಆಡಿಸುವುದು. ಒಳಗಿನ ಪಸೆ ನಿಧಾನಕ್ಕೆ ಹೋದರೆ ಸಿಡಿಯುವುದಿಲ್ಲ. ಕೆಂಪು, ಕಂದು, ಕಪ್ಪು ಅಂತ ಮೂರು ಹದದಲ್ಲಿ ತೆಗೆದೆವು. ಕಿರಾಣಿ ಅಂಗಡಿಯ ಬಾರ್ಲಿಯನ್ನೂ ಪಕ್ಕದಲ್ಲಿ ಕಪ್ಪಾಗುವವರೆಗೆ ಹುರಿದೆವು. ಎಲ್ಲವನ್ನೂ ರವೆಗಿಂತ ದಪ್ಪಗೆ ಒಡೆದು, ಲೀಟರಿಗೆ 100 ಗ್ರಾಂ ಲೆಕ್ಕದಲ್ಲಿ, ಒಂದು ಪಾತ್ರೆ ಬಿಸಿನೀರಲ್ಲಿ ಅರ್ಧ ತಾಸು, ಇನ್ನೊಂದು ತಣ್ಣೀರಲ್ಲಿ ರಾತ್ರಿಯಿಡೀ.

ಕಪ್ಪು ಹದದ ಜೋಳ ಸೋತಿತು. ಬಣ್ಣ ಬಾರ್ಲಿಯಷ್ಟು ಬರಲಿಲ್ಲ, ಬಂದದ್ದು ಇದ್ದಿಲಿನ ರುಚಿ. ಕೆಂಪು ಹದ ಹುರಿಹಿಟ್ಟಿನ ನೀರು, ಅಷ್ಟೇ. ಆದರೆ ಕಂದು ಹದದ್ದನ್ನು ತಣ್ಣೀರಲ್ಲಿ ನೆನೆಹಾಕಿದ ಲೋಟ ಮೂಗಿಗೆ ಹಿಡಿದಾಗ ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ಒಲೆಯ ಮೇಲೆ ರೊಟ್ಟಿಯ ಅಂಚು ಕಪ್ಪಗಾದಾಗ ಏಳುವ ಖಮಂಗ ವಾಸನೆ, ತೀರಾ ಅದೇ. ಯಾವ ಬಾರ್ಲಿಯಲ್ಲೂ ಇದು ಸಿಕ್ಕಿಲ್ಲ. ಕೊರತೆ ಬಾಯಲ್ಲಿ ಗೊತ್ತಾಗುತ್ತದೆ: ನೀರುನೀರು, ಬಾರ್ಲಿಯ ಆ ಚುರುಕಿಲ್ಲ, ಕೊನೆಗೆ ಸ್ವಲ್ಪ ಹಿಟ್ಟು ಹತ್ತಿದ ಹಾಗಾಗುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಎಲ್ಲ ಕಾಳೂ ಒಗರು ಬಿಟ್ಟಿದ್ದವು. ತಣ್ಣೀರು ಮೇಲು ಅನ್ನುವುದು ಜೋಳಕ್ಕೂ ಬಾರ್ಲಿಗೂ ಒಂದೇ. ಸೋಸಿ ಉಳಿದ ಕಪ್ಪು ಚರಟವನ್ನು ಓಣಿಯ ಎಮ್ಮೆಗೆ ಹಾಕಿದರೆ ಅದು ಮೂಸಿ ಮುಖ ತಿರುಗಿಸಿತು.

ಒಂದೊಂದೇ ಕುಡಿದಾಗ ಬಾರ್ಲಿ ಗೆದ್ದಿತು. ಬೆರೆಸಿದಾಗ ಲೆಕ್ಕ ಬದಲಾಯಿತು. ಮೂರು ಪಾಲು ಹುರಿದ ಬಾರ್ಲಿಯ ನೀರಿಗೆ ಒಂದು ಪಾಲು ಕಂದು ಜೋಳದ್ದು ಸೇರಿಸಿದರೆ ಬಾರ್ಲಿಯ ಕಹಿ ಹಾಗೇ ಇದ್ದು, ಮೇಲೆ ರೊಟ್ಟಿಯ ಆ ವಾಸನೆ ನಿಲ್ಲುತ್ತದೆ. ಅರ್ಧಕ್ಕರ್ಧ ಮಾಡಿದರೆ ತೆಳುವಾಗಿ ಕೆಡುತ್ತದೆ.

ಅತ್ತೆಯ ಮಗನ ಆಸೆ ಅಷ್ಟಕ್ಕೇ ನಿಲ್ಲಲಿಲ್ಲ. ಜೋಳವನ್ನೇ ಮೊಳಕೆ ಬರಿಸಿ ಇಡೀ ಸ್ಟೌಟನ್ನು ಅದರಲ್ಲೇ ಮಾಡಬೇಕು, ಗ್ಲುಟೆನ್ ಇಲ್ಲದ ಬಿಯರ್ ಅಂತ ಬೋರ್ಡ್ ಹಾಕಬೇಕು ಅನ್ನುತ್ತಾನೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲ, ಸರಿ. ಆದರೆ ಎಳೆ ಜೋಳದ ಪೈರಿಗೆ ದನ ಬಿಡಬಾರದು ಅಂತ ಇಂಡಿಯಲ್ಲಿ ಅವನ ಅಪ್ಪನಿಗೇ ಗೊತ್ತು. ಅದರಲ್ಲಿರುವ ಧುರಿನ್ ಎಂಬ ವಸ್ತು ಸಯನೈಡ್ ಬಿಡುತ್ತದೆ. ಮೊಳಕೆಯಲ್ಲೂ ಅದೇ ಇರುತ್ತದೆ. ಜೋಳದ ಮಾಲ್ಟ್ ಮಾಡುವವರು ಚೆನ್ನಾಗಿ ಒಣಗಿಸಿ, ಬೇರು ಮೊಳಕೆ ಉಜ್ಜಿ ತೆಗೆದುಬಿಡಬೇಕು. ಹವ್ಯಾಸಕ್ಕೆ ಅಡುಗೆಮನೆಯಲ್ಲಿ ಮಾಡುವ ಆಟವಲ್ಲ. ಇನ್ನೊಂದು ತೊಡಕು, ಜೋಳದ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು. 66 ಡಿಗ್ರಿಯಲ್ಲಿ ಬಾರ್ಲಿಯ ಪಿಷ್ಟವೆಲ್ಲ ಸಕ್ಕರೆಯಾಗುವ ಹೊತ್ತಿಗೆ ಜೋಳದ್ದು ಬಹುಪಾಲು ಹಸಿಯಾಗೇ ಕೂತಿರುತ್ತದೆ. ಸಿಪ್ಪೆಯಿಲ್ಲದ ಕಾಳಾದ್ದರಿಂದ ಸೋಸುವಾಗ ಅಂಬಲಿಯಾಗಿ ಜಾಲರಿ ಕಟ್ಟಿಕೊಳ್ಳುತ್ತದೆ.

ಇದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ, ಜೋಳದ ನುಚ್ಚು. ಮೊಳಕೆ ಬರಿಸದ ಜೋಳವನ್ನು ಒಡೆದು, ನುಚ್ಚು ಮಾಡಿದ ಹಾಗೇ ಮೆತ್ತಗೆ ಬೇಯಿಸಿ, ಹದ ಬಿಸಿಗೆ ಆರಿಸಿ ಬಾರ್ಲಿ ಮಾಲ್ಟಿಗೆ ಬೆರೆಸಿದರೆ ಬಾರ್ಲಿಯ ಕಿಣ್ವಗಳೇ ಜೋಳದ ಪಿಷ್ಟವನ್ನೂ ಸಕ್ಕರೆ ಮಾಡುತ್ತವೆ. ಗ್ಲುಟೆನ್ ಇಲ್ಲದ ಬೋರ್ಡ್ ಆಗ ಹೋಗುತ್ತದೆ, ಹೋಗಲಿ. ನಮ್ಮಿಬ್ಬರ ಜಗಳ ಈಗ ನಿಂತಿರುವುದು ಬಾರ್ಲಿ ಅವಲಕ್ಕಿಯ ಮೇಲೆ. ಶೇ. 20ರ ಆ ಪಾಲನ್ನು ಪೂರ್ತಿ ನುಚ್ಚಿಗೆ ಬಿಟ್ಟುಕೊಡು ಅನ್ನುತ್ತಾನೆ ಅವನು. ಗ್ಲಾಸಿಗೆ ಮಂದ ಬರುವುದು, ನೊರೆ ನಿಲ್ಲುವುದು ಆ ಅವಲಕ್ಕಿಯಿಂದ; ಜೋಳಕ್ಕೆ ಆ ಶಕ್ತಿ ಇಲ್ಲ. ಶೇ. 8 ನುಚ್ಚು, 12 ಅವಲಕ್ಕಿ, ಅದಕ್ಕಿಂತ ಒಂದು ಹಿಡಿಯೂ ಹೆಚ್ಚು ಬೇಡ ಅಂತ ಬರೆದು ಕಳಿಸಿದ್ದೇನೆ. ಅವನ ಪಬ್ಬಿನ ಹೆಡ್ ಬ್ರೂವರ್ ಒಪ್ಪಿದರೆ ಆ ಲೆಕ್ಕದಲ್ಲೇ ಒಂದು ಸಣ್ಣ ಕೆಗ್ ಆಗಬೇಕು.