ಟೆಕ್ಸಸ್‌ಗೆ ಬಂದರೂ ನ್ಯೂಯಾರ್ಕ್ ಟ್ಯಾಕ್ಸ್ ಬಿಡಲಿಲ್ಲ: ಮನೆಯಿಂದ ಕೆಲಸ ಮಾಡುವವರು ದಯವಿಟ್ಟು ಓದಿ

ನ್ಯೂಯಾರ್ಕ್ ಕಂಪನಿಯ ಕೆಲಸ ಇಟ್ಟುಕೊಂಡೇ ಟೆಕ್ಸಸ್‌ಗೋ ಫ್ಲಾರಿಡಾಕ್ಕೋ ಹೋಗಿಬಿಡೋಣ ಎಂದು ಲೆಕ್ಕ ಹಾಕುತ್ತಿರುವವರು ನಮ್ಮವರಲ್ಲಿ ಬಹಳ ಜನ ಇದ್ದಾರೆ. ಸಾಮಾನಿನ ಟ್ರಕ್ ಬುಕ್ ಮಾಡುವ ಮೊದಲು ಇದನ್ನು ಓದಿ. ಗೊತ್ತಿಲ್ಲದೆ ಹಾಗೆ ಮಾಡಿದ್ದಕ್ಕೆ ನಾನು ಒಂದೇ ವಸಂತದಲ್ಲಿ ಸುಮಾರು 21,000 ಡಾಲರ್ ಕಟ್ಟಿದ್ದೇನೆ. ಊರಿನ ಸೈಟಿಗೆಂದು ಕೂಡಿಟ್ಟಿದ್ದ ದುಡ್ಡು ಅದು.

ನಾವು ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ, ಗಣಪತಿ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಬಾಡಿಗೆಗಿದ್ದೆವು. 2020ರ ಮಾರ್ಚ್‌ನಿಂದ ನಾನು ಮ್ಯಾನ್‌ಹಟನ್ ಆಫೀಸಿನ ಮುಖ ನೋಡಿರಲಿಲ್ಲ. ಅಕ್ಕ-ಭಾವ ಡಾಲಸ್ ಪಕ್ಕದ ಪ್ಲೇನೋದಲ್ಲಿದ್ದಾರೆ. ಭಾವ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಅಲ್ಲಿ ಯಾಕೋ ಸುಮ್ಮನೆ ದುಡ್ಡು ಸುರೀತೀಯ? ಇಲ್ಲಿ ಸ್ಟೇಟ್ ಟ್ಯಾಕ್ಸೇ ಇಲ್ಲ, ಬಂದ್ಬಿಡು." ಅವರ ಮಟ್ಟಿಗೆ ಅದು ಸತ್ಯ. ಅವರ ಕಂಪನಿಯೂ ಟೆಕ್ಸಸ್‌ನದೇ. ನನ್ನದು ಹಾಗಲ್ಲ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಲೆಕ್ಕ ಹೀಗಿತ್ತು. ಸಂಬಳ 1,50,000 ಡಾಲರ್, ಹೆಂಡತಿಗೆ ಆಗ ಕೆಲಸವಿರಲಿಲ್ಲ. ನ್ಯೂಯಾರ್ಕ್ ಸ್ಟೇಟ್ ಟ್ಯಾಕ್ಸ್ ವರ್ಷಕ್ಕೆ ಸುಮಾರು 7,300, ಅದರ ಮೇಲೆ ನಗರದ ಟ್ಯಾಕ್ಸ್ ಸುಮಾರು 5,000. ಎರಡೂ ಸೇರಿ ಹನ್ನೆರಡು ಸಾವಿರಕ್ಕೂ ಮೇಲೆ ಉಳಿತಾಯ ಎಂದುಕೊಂಡು 2022ರ ಆಗಸ್ಟ್‌ನಲ್ಲಿ ಪ್ಲೇನೋ ಪಕ್ಕದ ಫ್ರಿಸ್ಕೊಗೆ ಬಂದೆವು.

ವೀಸಾ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಸರಿಯಾಗಿ ಮಾಡಿದ್ದೆವು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇರುವವರು ಕೆಲಸದ ಜಾಗವನ್ನು ಬೇರೆ ಮಹಾನಗರ ಪ್ರದೇಶಕ್ಕೆ ಬದಲಾಯಿಸಿದರೆ ಮೊದಲೇ ತಿದ್ದುಪಡಿ ಅರ್ಜಿ ಹಾಕಲೇಬೇಕು. ವಲಸೆ ಇಲಾಖೆಯ ಮೇಲ್ಮನವಿ ಕಚೇರಿ ಕೊಟ್ಟ 2015ರ ಸಿಮಿಯೊ ತೀರ್ಪಿನ ನಂತರ ಇದರಲ್ಲಿ ಅನುಮಾನವೇ ಇಲ್ಲ, ಮನೆಯಿಂದ ಕೆಲಸ ಮಾಡಿದರೂ ಅಷ್ಟೇ. ಕಂಪನಿಯ ವಕೀಲರು ಹೊಸ ಎಲ್‌ಸಿಎ, ಅಂದರೆ ಕೆಲಸದ ಜಾಗ, ಸಂಬಳ ತಿಳಿಸಿ ಕಾರ್ಮಿಕ ಇಲಾಖೆಗೆ ಹಾಕುವ ಅರ್ಜಿ, ಮಾಡಿಸಿದರು. ನಮ್ಮ ಮನೆಯೇ ಕೆಲಸದ ಜಾಗವಾದ್ದರಿಂದ ಅದರ ನೋಟೀಸನ್ನು ಮನೆಯಲ್ಲೇ ಎರಡು ಕಡೆ ಹತ್ತು ದಿನ ಅಂಟಿಸಬೇಕು ಎಂದರು. ಒಂದನ್ನು ಫ್ರಿಜ್ ಮೇಲೆ, ಇನ್ನೊಂದನ್ನು ಮುಂಬಾಗಿಲ ಒಳಬದಿಗೆ ಅಂಟಿಸಿ, ದಿನಾಂಕ ಬರೆದು, ಸಹಿ ಹಾಕಿ ಕಳಿಸಿದೆ. ಕಂಪನಿ ಕೊಟ್ಟ ಪತ್ರದಲ್ಲಿ ಒಂದು ಸಾಲಿತ್ತು: ನೌಕರರ ಕೋರಿಕೆಯ ಮೇರೆಗೆ ಫ್ರಿಸ್ಕೊ ಮನೆಯಿಂದ ಕೆಲಸ ಮಾಡಲು ಅನುಮತಿ ನೀಡಲಾಗಿದೆ. ಆ ಸಾಲನ್ನು ಓದಿ ನನಗೆ ಸಂತೋಷವೇ ಆಗಿತ್ತು. ಮುಂದೆ ನನ್ನನ್ನು ಕಟ್ಟಿಹಾಕಿದ್ದು ಅದೇ ಸಾಲು.

ಪೇರೋಲ್ ಪೋರ್ಟಲ್‌ನಲ್ಲಿ ವಿಳಾಸ ಬದಲಾಯಿಸಿದೆ. ಮುಂದಿನ ಪೇಸ್ಲಿಪ್‌ನಲ್ಲಿ ನ್ಯೂಯಾರ್ಕ್ ಸ್ಟೇಟ್, ನ್ಯೂಯಾರ್ಕ್ ಸಿಟಿ ಎರಡರ ಮುಂದೆಯೂ ಸೊನ್ನೆ. ಅದರ ಸ್ಕ್ರೀನ್‌ಶಾಟ್ ತೆಗೆದು ಭಾವನಿಗೆ ಕಳಿಸಿದ್ದೆ. 2022ರ ರಿಟರ್ನ್ ಫೈಲ್ ಮಾಡಿಕೊಟ್ಟವರು ಆಗಸ್ಟ್‌ವರೆಗಿನ ಸಂಬಳವನ್ನು ಮಾತ್ರ ನ್ಯೂಯಾರ್ಕ್‌ಗೆ ತೋರಿಸಿದರು. ಯಾವ ಆಫೀಸಿಗೆ ಸೇರಿದವರು, ಮನೆಯಿಂದ ಯಾಕೆ ಕೆಲಸ ಮಾಡುತ್ತೀರಿ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 2023ಕ್ಕೆ ಸ್ಟೇಟ್ ರಿಟರ್ನೇ ಬೇಡ ಎಂದರು. ಅವರನ್ನು ನಂಬಿದೆ.

2025ರ ಮಾರ್ಚ್‌ನಲ್ಲಿ ಎಚ್‌ಆರ್‌ನಿಂದ ಮೇಲ್ ಬಂತು. ಕಂಪನಿ ಸಂಬಳದಲ್ಲಿ ಟ್ಯಾಕ್ಸ್ ಸರಿಯಾಗಿ ಹಿಡಿದಿದೆಯೇ ಎಂದು ನ್ಯೂಯಾರ್ಕ್ ತೆರಿಗೆ ಇಲಾಖೆ ತಪಾಸಣೆ ಮಾಡಿದೆ, ಬೇರೆ ರಾಜ್ಯಗಳಿಂದ ಕೆಲಸ ಮಾಡುವವರ ಡಬ್ಲ್ಯೂ-2 (ವರ್ಷದ ಸಂಬಳ, ಹಿಡಿದ ಟ್ಯಾಕ್ಸ್ ತೋರಿಸುವ ಫಾರ್ಮ್) ತಿದ್ದಿ ಕೊಡುತ್ತೇವೆ ಎಂದು. ಎರಡೇ ವಾರಕ್ಕೆ ನ್ಯೂಯಾರ್ಕ್ ರಾಜಧಾನಿ ಆಲ್ಬನಿಯ ತೆರಿಗೆ ಇಲಾಖೆಯಿಂದ ನನ್ನ ಹೆಸರಿಗೆ ಪತ್ರ. 2022ರ ಕೊನೆಯ ತಿಂಗಳುಗಳದ್ದು ಮತ್ತು 2023ರದ್ದು ಟ್ಯಾಕ್ಸ್, ಬಡ್ಡಿ, ದಂಡ ಸೇರಿ 13,500 ಡಾಲರ್‌ಗೂ ಹೆಚ್ಚು. 2024ರ 7,300 ಬೇರೆ. ಆ ವರ್ಷದ ಗಡುವಿಗೆ ಇನ್ನೂ ದಿನವಿದ್ದದ್ದರಿಂದ ಅದರ ಮೇಲೆ ದೊಡ್ಡ ದಂಡ ಬೀಳಲಿಲ್ಲ. ಆದರೆ 2023ಕ್ಕೆ ರಿಟರ್ನೇ ಹಾಕಿರಲಿಲ್ಲವಲ್ಲ, ತಡವಾದ ತಿಂಗಳಿಗೆ ಶೇಕಡಾ 5ರಂತೆ 25ರವರೆಗೂ ದಂಡ ಏರಿತ್ತು. ಇನ್ನೊಂದು ಮಾತು: ರಿಟರ್ನ್ ಹಾಕಿದ್ದರೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ಅವರು ಕೇಳಬೇಕು. ಹಾಕದೇ ಇದ್ದರೆ ಅವರಿಗೆ ಗಡುವೇ ಇಲ್ಲ, ಹತ್ತು ವರ್ಷ ಬಿಟ್ಟೂ ಕೇಳಬಹುದು.

ನಾನು ಟೆಕ್ಸಸ್‌ನಲ್ಲಿ ಕೂತು ಮಾಡಿದ ಕೆಲಸಕ್ಕೆ ನ್ಯೂಯಾರ್ಕ್‌ಗೆ ಯಾಕೆ ಟ್ಯಾಕ್ಸ್? ಮ್ಯಾನ್‌ಹಟನ್‌ನ ಸಿಪಿಎ (ಲೆಕ್ಕಪರಿಶೋಧಕರು) ಒಬ್ಬರು ಒಂದು ಗಂಟೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ನ್ಯೂಯಾರ್ಕ್‌ನಲ್ಲಿ ‘ಮಾಲೀಕರ ಅನುಕೂಲ’ದ ನಿಯಮ ಎಂದು ಒಂದಿದೆ. ನೀವು ನ್ಯೂಯಾರ್ಕ್ ಆಫೀಸಿಗೆ ಸೇರಿದ ನೌಕರರಾಗಿದ್ದು, ಬೇರೆ ರಾಜ್ಯದ ಮನೆಯಿಂದ ಕೆಲಸ ಮಾಡುವುದು ನಿಮ್ಮ ಅನುಕೂಲಕ್ಕೆ ಎಂದಾದರೆ, ಆ ದಿನಗಳೆಲ್ಲ ನ್ಯೂಯಾರ್ಕ್‌ನಲ್ಲೇ ಕೆಲಸ ಮಾಡಿದ ದಿನಗಳೆಂದು ಲೆಕ್ಕ. ಕಂಪನಿಗೇ ನೀವು ಅಲ್ಲಿರುವುದು ಅವಶ್ಯವಾಗಿದ್ದರೆ ಮಾತ್ರ ವಿನಾಯಿತಿ, ಮತ್ತು ಆ ಅವಶ್ಯಕತೆಯನ್ನು ಸಾಬೀತು ಮಾಡುವುದು ಬಹಳ ಕಷ್ಟ. ಕೋವಿಡ್ ಕಾಲದ ವರ್ಕ್ ಫ್ರಮ್ ಹೋಮ್‌ಗೂ ಇದೇ ನಿಯಮ ಎಂದು ಇಲಾಖೆ 2020ರಲ್ಲೇ ಸ್ಪಷ್ಟಪಡಿಸಿತ್ತು. ನನ್ನ ಫೈಲಿನಲ್ಲಿ ‘ನೌಕರರ ಕೋರಿಕೆಯ ಮೇರೆಗೆ’ ಎಂದು ಕಂಪನಿಯೇ ಬರೆದುಕೊಟ್ಟಿತ್ತು. ವಾದ ಮಾಡಲು ಏನೂ ಉಳಿದಿರಲಿಲ್ಲ.

ಕೋರ್ಟಿಗೆ ಹೋದರೆ ಗೆಲ್ಲಬಹುದೇ ಎಂದು ಕೇಳಿದೆ. ಅವರು ಥಾಮಸ್ ಹಕಬಿ ಎಂಬವರ ಪ್ರಕರಣ ಹೇಳಿದರು. ಅವರೂ ಕಂಪ್ಯೂಟರ್ ಪ್ರೋಗ್ರಾಮರ್, ಸಂಬಳಕ್ಕೆ ಟ್ಯಾಕ್ಸ್ ಇಲ್ಲದ ಟೆನೆಸಿಯಲ್ಲಿ ಮನೆ, ಕೆಲಸ ಕೊಟ್ಟವರು ಕ್ವೀನ್ಸ್‌ನವರು. ವರ್ಷದಲ್ಲಿ ಕಾಲುಭಾಗ ಮಾತ್ರ ನ್ಯೂಯಾರ್ಕ್‌ಗೆ ಬಂದು ಕೆಲಸ ಮಾಡುತ್ತಿದ್ದರು, ಅಷ್ಟಕ್ಕೇ ಟ್ಯಾಕ್ಸ್ ಕಟ್ಟಿದ್ದರು. 2005ರಲ್ಲಿ ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ 4-3ರ ಬಹುಮತದಲ್ಲಿ ಪೂರ್ತಿ ಸಂಬಳಕ್ಕೆ ಟ್ಯಾಕ್ಸ್ ಕಟ್ಟಬೇಕು ಎಂದಿತು. ಅಮೆರಿಕದ ಸುಪ್ರೀಂ ಕೋರ್ಟ್ ಅವರ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನನ್ನಂಥದೇ ಕೆಲಸದವರೊಬ್ಬರು ಕೊನೆಯ ಮೆಟ್ಟಿಲವರೆಗೆ ಹೋಗಿ ಸೋತಿದ್ದಾರೆ. ಈ ಸುದ್ದಿ ನಮ್ಮ ಐಟಿ ಮಂದಿಯ ಕಿವಿಗೆ ಇಷ್ಟು ವರ್ಷವಾದರೂ ಬೀಳದಿರುವುದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ.

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನನ್ನ ಗೆಳೆಯನೂ ಇದೇ ರೀತಿ ಮನೆಯಿಂದಲೇ ನ್ಯೂಯಾರ್ಕ್ ಕಂಪನಿಗೆ ಕೆಲಸ ಮಾಡುತ್ತಾನೆ. ಅವನಿಗೂ ನ್ಯೂಯಾರ್ಕ್ ಟ್ಯಾಕ್ಸ್ ಹಿಡಿಯುತ್ತಾರೆ, ಆದರೆ ನ್ಯೂಜೆರ್ಸಿ ಅದಕ್ಕೆ ಕ್ರೆಡಿಟ್ ಕೊಡುತ್ತದೆ, ನ್ಯೂಯಾರ್ಕ್‌ಗೆ ಕಟ್ಟಿದ್ದು ನ್ಯೂಜೆರ್ಸಿ ಟ್ಯಾಕ್ಸ್‌ನಲ್ಲಿ ಕಡಿಮೆಯಾಗುತ್ತದೆ. ಟೆಕ್ಸಸ್‌ನಲ್ಲಿ ಟ್ಯಾಕ್ಸೇ ಇಲ್ಲದ ಮೇಲೆ ಯಾವುದರಿಂದ ಕಡಿಮೆ ಮಾಡುವುದು? ಅಷ್ಟೂ ಕೈಯಿಂದಲೇ ಹೋಗುತ್ತದೆ. ಟ್ಯಾಕ್ಸ್ ಇಲ್ಲದ ರಾಜ್ಯಕ್ಕೆ ಹೋದವರಿಗೇ ಈ ನಿಯಮದ ಪೆಟ್ಟು ಜೋರು.

ಕೊನೆಗೆ ನನಗೆ ಉಳಿದದ್ದು ನಗರದ 5,000 ಮಾತ್ರ. ಈಗ ಇಲ್ಲಿನ ಖರ್ಚು ಕೇಳಿ. 2023ರಲ್ಲಿ ಮನೆ ತೆಗೆದುಕೊಂಡೆವು. ಪ್ರಾಪರ್ಟಿ ಟ್ಯಾಕ್ಸ್ ವರ್ಷಕ್ಕೆ 9,400 ಡಾಲರ್. ನಾವೇ ವಾಸವಿರುವ ಮನೆಗೆ ಆ ಟ್ಯಾಕ್ಸ್ ಕಡಿಮೆ ಮಾಡುವ ಹೋಮ್‌ಸ್ಟೆಡ್ ವಿನಾಯಿತಿ ತಾನಾಗಿ ಬರುವುದಿಲ್ಲ, ಮನೆಯ ಬೆಲೆ ಕಟ್ಟುವ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ ನಾವೇ ಅರ್ಜಿ ಹಾಕಬೇಕು. ಅದು ಪೂರ್ತಿ ಉಚಿತ, ದುಡ್ಡು ಕೊಟ್ಟರೆ ಮಾಡಿಕೊಡುತ್ತೇವೆ ಎಂದು ಬರುವ ಪತ್ರಗಳನ್ನು ನಂಬಬೇಡಿ. ಅಂಗಡಿಯಲ್ಲಿ ಸೇಲ್ಸ್ ಟ್ಯಾಕ್ಸ್ ಶೇಕಡಾ 8.25. ಆಲಿಕಲ್ಲು ಬಿದ್ದು ಚಾವಣಿ ಹೋದರೆ ಇನ್ಶೂರೆನ್ಸ್ ಕೊಡುವ ಮೊದಲು ನಾವು ಭರಿಸುವ ಪಾಲು, ಬಹಳ ಪಾಲಿಸಿಗಳಲ್ಲಿ ಮನೆಯ ವಿಮಾ ಮೊತ್ತದ ಶೇಕಡಾ 1 ಅಥವಾ 2. ಇದನ್ನೆಲ್ಲ ಆ ಹನ್ನೆರಡು ಸಾವಿರದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.

ಪೆನ್ಸಿಲ್ವೇನಿಯಾ, ಡೆಲವೇರ್ ಕಂಪನಿಗಳಲ್ಲಿ ಇರುವವರೂ ಜಾಗ್ರತೆ, ಅಲ್ಲೂ ಇಂಥದೇ ನಿಯಮವಿದೆ. ಕ್ಯಾಲಿಫೋರ್ನಿಯಾದಲ್ಲಿ ಈ ನಿಯಮ ಇಲ್ಲ, ಆದರೆ ಸನಿವೇಲ್‌ನಲ್ಲಿ ಇದ್ದಾಗ ಕೊಟ್ಟ ಆರ್‌ಎಸ್‌ಯು (ಕಂಪನಿ ಮುಂದೆ ಕೊಡುವುದಾಗಿ ಹೇಳಿದ ಷೇರು) ಟೆಕ್ಸಸ್‌ನ ಆಸ್ಟಿನ್‌ಗೆ ಬಂದ ಮೇಲೆ ವೆಸ್ಟ್ ಆದರೆ, ಅಂದರೆ ನಿಮ್ಮ ಕೈಗೆ ಬಂದರೆ, ಅಲ್ಲಿ ದುಡಿದ ದಿನಗಳ ಪಾಲನ್ನು ಕ್ಯಾಲಿಫೋರ್ನಿಯಾ ಕೇಳುತ್ತದೆ.

ಹೊರಡುವ ಮೊದಲು ಕಂಪನಿಗೆ ಕೇಳಬೇಕಾದ್ದು ‘ರಿಮೋಟ್ ಓಕೆನಾ’ ಎಂದಲ್ಲ. ದಾಖಲೆಯಲ್ಲಿ ನನ್ನನ್ನು ಯಾವ ಆಫೀಸಿಗೆ ಸೇರಿಸಿದ್ದೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕಂಪನಿಗೆ ನೀವು ಹೋಗುವ ರಾಜ್ಯದಲ್ಲೇ ನಿಜವಾದ ಆಫೀಸಿದ್ದು, ನಿಮ್ಮನ್ನು ಅಲ್ಲಿಗೆ ವರ್ಗ ಮಾಡಿ, ನೀವು ಅಲ್ಲಿಂದಲೇ ಕೆಲಸ ಮಾಡಿದರೆ ಕಥೆ ಬೇರೆಯಾಗುತ್ತದೆ. ನನ್ನ ಕಂಪನಿಗೆ ಟೆಕ್ಸಸ್‌ನಲ್ಲಿ ಆಫೀಸ್ ಇಲ್ಲ. ಗ್ರೀನ್ ಕಾರ್ಡ್ ಅರ್ಜಿ ಅವರ ಕೈಯಲ್ಲೇ ಇರುವುದರಿಂದ ಸದ್ಯಕ್ಕೆ ಕೆಲಸ ಬಿಡುವ ಹಾಗೂ ಇಲ್ಲ. ಪ್ರತಿ ವರ್ಷ ಹೊರರಾಜ್ಯದವರ ರಿಟರ್ನ್ ಫಾರ್ಮ್ ಐಟಿ-203 ತುಂಬಿ ನ್ಯೂಯಾರ್ಕ್‌ಗೆ ಕಟ್ಟುತ್ತಿದ್ದೇನೆ.

ನಾನು ಹೊರಡುವಾಗ ಆ ಸಿಪಿಎ ಒಂದು ಉಪಾಯ ಹೇಳಿಕೊಟ್ಟರು. ಕಂಪನಿಯೇ ಹೊರರಾಜ್ಯದ ಕ್ಲೈಂಟ್ ಹತ್ತಿರ ಕಳಿಸಿದ ದಿನಗಳು ಅವಶ್ಯಕತೆಯ ದಿನಗಳು, ಅವನ್ನು ನ್ಯೂಯಾರ್ಕ್ ಲೆಕ್ಕದಿಂದ ಬಿಡಬಹುದು, ದಾಖಲೆ ಮಾತ್ರ ಗಟ್ಟಿಯಾಗಿರಬೇಕು. ಈಗ ನಮ್ಮ ಅಡುಗೆಮನೆಯಲ್ಲಿ ಫ್ರಿಜ್ ಮೇಲೆ, ಆ ನೋಟೀಸ್ ಇದ್ದ ಜಾಗದಲ್ಲೇ, ಕನ್ನಡ ಕ್ಯಾಲೆಂಡರ್ ತೂಗುತ್ತಿದೆ. ನಾನು ಹ್ಯೂಸ್ಟನ್‌ನ ಕ್ಲೈಂಟ್ ಆಫೀಸಿಗೆ ಹೋದ ದಿನವೆಲ್ಲ ನನ್ನಾಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾಳೆ. ಹೋಟೆಲ್ ಬಿಲ್, ಪೆಟ್ರೋಲ್ ರಸೀದಿಗಳನ್ನು ಅದರ ಹಿಂದಿನ ಕವರಿನಲ್ಲಿ ಇಡುತ್ತೇವೆ. ಕಳೆದ ವರ್ಷ ಅಂಥ ದಿನ ಹನ್ನೊಂದು. ಸುಮಾರು 330 ಡಾಲರ್ ಕಡಿಮೆಯಾಯಿತು.