ಮೂರು ಫುಲ್‌ಫ್ರೇಮ್ ಕ್ಯಾಮೆರಾ, ಒಂದು ಸೀಲಿಂಗ್ ಫ್ಯಾನ್

ನಿಕಾನ್ ಝಡ್8, ಕ್ಯಾನನ್ ಇಒಎಸ್ ಆರ್5 ಮಾರ್ಕ್ 2, ಸೋನಿ ಎ7ಆರ್ 5. ಮೂರೂ ಫುಲ್‌ಫ್ರೇಮ್, ಅಂದರೆ ಹಳೆಯ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನವು. ಈ ಮೂರರ ಪೈಕಿ ಯಾವುದು ಎಂದು ತಲೆ ಕೆಡಿಸಿಕೊಂಡವರು ಮೊದಲು ಮಾಡಬೇಕಾದ ಪರೀಕ್ಷೆಗೆ ಬೇಕಿರುವುದು ಒಂದು ಸೀಲಿಂಗ್ ಫ್ಯಾನ್ ಮಾತ್ರ. ಹಗಲು ಹೊತ್ತಿನಲ್ಲಿ ಕಿಟಕಿ ತೆರೆದು ದೀಪಗಳನ್ನೆಲ್ಲ ಆರಿಸಿ. ಎಲ್‌ಇಡಿ ಉರಿಯುತ್ತಿದ್ದರೆ ಚಿತ್ರದಲ್ಲಿ ಅದರ ಪಟ್ಟೆಗಳೂ ಸೇರಿ ಗೊಂದಲವಾಗುತ್ತದೆ. ಫ್ಯಾನ್ ನಿಮಿಷಕ್ಕೆ 300 ಸುತ್ತಿನ ಆಸುಪಾಸು ತಿರುಗಲಿ. ಅದರ ಕೆಳಗೆ ಮಲಗಿ, ಫ್ರೇಮಿನ ಮೇಲಂಚಿನಿಂದ ಕೆಳಗಿನ ಅಂಚಿನವರೆಗೂ ಫ್ಯಾನ್ ತುಂಬುವಂತೆ ನೋಡಿಕೊಂಡು, ಎಲೆಕ್ಟ್ರಾನಿಕ್ ಶಟರ್‌ನಲ್ಲಿ (ಪರದೆ ಚಲಿಸದೆ ಸೆನ್ಸರೇ ಎಕ್ಸ್‌ಪೋಶರ್ ಶುರು ಮಾಡಿ ಮುಗಿಸುವ ಬಗೆ) 1/4000 ಸೆಕೆಂಡಿಗೆ ಕ್ಲಿಕ್ಕಿಸಿ. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಎಷ್ಟಾದರೂ ಏರಲಿ, ಇಲ್ಲಿ ನಾಯ್ಸ್, ಅಂದರೆ ಚಿತ್ರದಲ್ಲಿನ ಮರಳಿನಂಥ ಚುಕ್ಕೆ, ಲೆಕ್ಕಕ್ಕಿಲ್ಲ.

ಝಡ್8ರಲ್ಲಿ ರೆಕ್ಕೆಗಳು ಹೆಚ್ಚುಕಡಿಮೆ ನೆಟ್ಟಗೇ ಬರುತ್ತವೆ. ಆರ್5 ಮಾರ್ಕ್ 2ರಲ್ಲಿ ಹುಡುಕಿ ನೋಡಿದರೆ ಸಣ್ಣ ಬಾಗು ಕಾಣುತ್ತದೆ. ಎ7ಆರ್ 5ರಲ್ಲಿ ರೆಕ್ಕೆಗಳು ಕುಡುಗೋಲಿನಂತೆ ಬಳುಕಿರುತ್ತವೆ, ಒಂದು ದಪ್ಪ, ಇನ್ನೊಂದು ಸಣಕಲು. ಮೂರರಲ್ಲೂ ಶಟರ್ ವೇಗ ಒಂದೇ, ಬೇರೆಯಾಗಿರುವುದು ಸೆನ್ಸರ್ ತನ್ನ ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿ ಮುಗಿಸಲು ತೆಗೆದುಕೊಳ್ಳುವ ಹೊತ್ತು. ಝಡ್8ಕ್ಕೆ ಸುಮಾರು 1/270 ಸೆಕೆಂಡು ಸಾಕು, ಆರ್5 ಮಾರ್ಕ್ 2ಕ್ಕೆ ಸುಮಾರು 1/160 ಬೇಕು, ಎ7ಆರ್ 5 ಹತ್ತಿರ ಹತ್ತಿರ 1/10 ಸೆಕೆಂಡು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 5 ಸುತ್ತು ಹೊಡೆಯುವ ಫ್ಯಾನ್ ಅಷ್ಟರಲ್ಲಿ ಕ್ರಮವಾಗಿ 7 ಡಿಗ್ರಿ, 11 ಡಿಗ್ರಿ, 180 ಡಿಗ್ರಿ ತಿರುಗಿರುತ್ತದೆ. ಸೋನಿಯಲ್ಲಿ ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಫ್ಯಾನ್ ಅರ್ಧ ಸುತ್ತು ಮುಗಿಸಿದೆ ಎಂದಾಯಿತು.

ಬ್ರೋಷರಿನಲ್ಲಿ ಮೆಗಾಪಿಕ್ಸೆಲ್ ದೊಡ್ಡಕ್ಷರದಲ್ಲಿರುತ್ತದೆ, ಈ ಅಂಕಿ ಇರುವುದೇ ಇಲ್ಲ. ಆದರೆ ಈ ಮೂರು ಕ್ಯಾಮೆರಾಗಳ ನಡುವಿನ ಮುಖ್ಯ ವ್ಯತ್ಯಾಸಗಳನ್ನು ಹಿಡಿದು ಹಿಂದಕ್ಕೆ ಹೋದರೆ ಬಹುಪಾಲು ಇಲ್ಲಿಗೇ ಬಂದು ಮುಟ್ಟುತ್ತವೆ.

ಝಡ್8ರಲ್ಲಿ ಮೆಕ್ಯಾನಿಕಲ್ ಶಟರ್ ಇಲ್ಲವೇ ಇಲ್ಲ. 2023ರಲ್ಲಿ ಅದು ಬಂದಾಗ, ಪರದೆಯಿಲ್ಲದೆ ನಡೆಯುತ್ತದೆಯೇ ಎಂಬ ಅನುಮಾನ ಹಲವರಿಗಿತ್ತು. ಸಾಮಾನ್ಯ ಮೆಕ್ಯಾನಿಕಲ್ ಶಟರ್‌ನ ಪರದೆ ಫ್ರೇಮನ್ನು ದಾಟಲು 4 ಮಿಲಿಸೆಕೆಂಡಿನ ಸುತ್ತಮುತ್ತ ಬೇಕು. ಝಡ್8ರ ಸೆನ್ಸರ್ ಓದಿ ಮುಗಿಸುವುದು 3.7 ಮಿಲಿಸೆಕೆಂಡಿನಲ್ಲಿ. ಅಂದಮೇಲೆ ಪರದೆ ಇಲ್ಲದ್ದರಿಂದ ಕಳೆದುಕೊಂಡದ್ದು ಏನೂ ಇಲ್ಲ. ಫ್ಲ್ಯಾಷ್ ಕೂಡ 1/200 ಸೆಕೆಂಡಿನವರೆಗೆ ನಿರಾಯಾಸವಾಗಿ ಜೊತೆಗೂಡುತ್ತದೆ, ಸ್ವಲ್ಪ ಶಕ್ತಿ ಬಿಟ್ಟುಕೊಟ್ಟರೆ 1/250ಕ್ಕೂ ಸೈ. ಆರ್5 ಮಾರ್ಕ್ 2ರಲ್ಲಿ ಎಲೆಕ್ಟ್ರಾನಿಕ್ ಶಟರ್ ಜೊತೆ ಫ್ಲ್ಯಾಷ್ 1/160ರವರೆಗೆ. ಅದಕ್ಕಿಂತ ವೇಗ ಬೇಕಾದರೆ ಮೆಕ್ಯಾನಿಕಲ್‌ಗೆ 1/200, ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್‌ಗೆ (ಸೆನ್ಸರ್ ಶುರು ಮಾಡಿ ಪರದೆ ಮುಗಿಸುವ ಬಗೆ) 1/250. ಸೋನಿಯಲ್ಲಿ ಸೈಲೆಂಟ್ ಮೋಡ್ ಹಾಕಿದರೆ ಫ್ಲ್ಯಾಷ್ ಹೊಡೆಯುವುದೇ ಇಲ್ಲ. ಸಮಾರಂಭದ ಚಿತ್ರ ತೆಗೆಯುವವರು ಸೈಲೆಂಟ್ ಮೋಡನ್ನು ಯಾವುದೋ ಕಸ್ಟಮ್ ಬಟನ್‌ಗೆ ಕೊಟ್ಟಿರುತ್ತಾರೆ, ಬೆರಳು ತಾಗಿ ಅದು ಆನ್ ಆಗಿರುತ್ತದೆ, ಆಮೇಲೆ ಟ್ರಿಗರ್ ಬಿಚ್ಚುವುದು, ಬ್ಯಾಟರಿ ಬದಲಿಸುವುದು ಎಂದು ಪೇಚಾಟ. ಎ7ಆರ್ 5ರಲ್ಲಿ ಫ್ಲ್ಯಾಷ್ ಕೈಕೊಟ್ಟರೆ ಮೊದಲು ನೋಡಬೇಕಾದ್ದು ಈ ಸೆಟ್ಟಿಂಗನ್ನೇ.

ಸೋನಿಯ ಪರವಾಗಿಯೂ ಹೇಳಬೇಕು. ಅದನ್ನು ಮೆಕ್ಯಾನಿಕಲ್ ಶಟರ್‌ನಲ್ಲೇ ಬಳಸಿದರೆ ಫ್ಯಾನಿನ ರೆಕ್ಕೆ ನೆಟ್ಟಗೆ ಬರುತ್ತದೆ. ಆದರೆ ಕಂಪನ ಕಮ್ಮಿಯಾಗಲೆಂದು ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಆನ್ ಮಾಡಿ, ಎಫ್/1.4 ಲೆನ್ಸಿನಲ್ಲಿ 1/2000ಕ್ಕಿಂತ ವೇಗವಾಗಿ ತೆಗೆದರೆ ಹಿನ್ನೆಲೆಯ ದುಂಡನೆಯ ಬೊಕೆ (ಮಸುಕಾದ ಬೆಳಕಿನ ಚುಕ್ಕೆ) ಒಂದು ಬದಿಗೆ ಕತ್ತರಿಸಿದಂತೆ ಕಾಣುತ್ತದೆ. ಎಕ್ಸ್‌ಪೋಶರನ್ನು ಶುರು ಮಾಡುವುದು ಸೆನ್ಸರಿನ ಮೇಲ್ಮೈ, ಮುಗಿಸುವುದು ಅದರ ಮುಂದೆ ತುಸು ದೂರದಲ್ಲಿರುವ ಪರದೆ. ವೇಗ ಹೆಚ್ಚಾದಷ್ಟೂ ಈ ಎರಡರ ನಡುವಿನ ಸಂದು ಕಿರಿದಾಗಿ, ಓರೆಯಾಗಿ ಬರುವ ಬೆಳಕಿನ ಒಂದು ಪಾಲು ಅಡ್ಡಿಯಾಗುತ್ತದೆ. 1/1000 ದಾಟುವಾಗ ಅದನ್ನು ಆಫ್ ಮಾಡಿ ಪೂರ್ಣ ಮೆಕ್ಯಾನಿಕಲ್‌ಗೆ ಹೋಗಿ. ಕ್ಯಾನನ್‌ನ ಫಸ್ಟ್ ಕರ್ಟನ್ ಮೋಡಿಗೂ ಇದೇ ಮಾತು ಅನ್ವಯಿಸುತ್ತದೆ. ಝಡ್8ರಲ್ಲಿ ಈ ರಗಳೆ ಇಲ್ಲ.

ಇಷ್ಟು ವೇಗ ಪುಕ್ಕಟೆ ಬರುವುದಿಲ್ಲ. ಝಡ್8, ಆರ್5 ಮಾರ್ಕ್ 2 ಎರಡರದ್ದೂ ಸ್ಟ್ಯಾಕ್ಡ್ ಸೆನ್ಸರ್, ಅಂದರೆ ಬೇಗ ಓದಲೆಂದು ಪದರಗಳನ್ನು ಒಂದರ ಮೇಲೊಂದು ಜೋಡಿಸಿದ್ದು. ಅವಸರದಲ್ಲಿ ಓದುವುದರಿಂದ ನೆರಳಿನ ಭಾಗದಲ್ಲಿ ನಾಯ್ಸ್ ತುಸು ಹೆಚ್ಚು. ಪರೀಕ್ಷಿಸಲು ಒಂದು ಕಪ್ಪು ಬಟ್ಟೆ, ಒಂದು ಮರದ ಪೆಟ್ಟಿಗೆ, ಒಂದು ಕಿಟಕಿ ಇರುವ ದೃಶ್ಯವನ್ನು ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು ತೆಗೆಯಿರಿ. ಕಿಟಕಿಯ ಹೊರಗಿನ ಆಕಾಶ ಹಾರಿಹೋಗದಂತೆ ಎಕ್ಸ್‌ಪೋಸ್ ಮಾಡಿ, ರಾ ಫೈಲಿನಲ್ಲಿ (ಸೆನ್ಸರಿನ ಕಚ್ಚಾ ದತ್ತಾಂಶ) ನೆರಳನ್ನು 4 ಸ್ಟಾಪ್ ಎತ್ತಿ, ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು. ಐಎಸ್‌ಒ 100ರಲ್ಲಿ ಬಟ್ಟೆಯ ನೇಯ್ಗೆ ಅತಿ ಶುಭ್ರವಾಗಿ ಉಳಿಯುವುದು ಎ7ಆರ್ 5ರಲ್ಲಿ. ಝಡ್8ರಲ್ಲಿ ನೇಯ್ಗೆ ಇದೆ, ಅದರ ಮೇಲೆ ಸಣ್ಣ ಮರಳು ಚೆಲ್ಲಿದಂತಿದೆ. ಆದರೆ ನಿಕಾನ್‌ನ ಮೂಲ ಐಎಸ್‌ಒ 64. ಟ್ರೈಪಾಡ್ ಮೇಲಿದ್ದು ಆ 64ನ್ನು ಬಳಸಿದರೆ ಸ್ಟಾಪಿನ ಮೂರನೇ ಎರಡರಷ್ಟು ಹೆಚ್ಚು ಬೆಳಕು ತುಂಬಿಕೊಂಡು ಅಂತರ ಬಹಳಷ್ಟು ಮುಚ್ಚಿಹೋಗುತ್ತದೆ. 100ರಲ್ಲಿ ಹೋಲಿಸಿ ಝಡ್8ನ್ನು ತೆಗಳುವುದು ಅರ್ಧ ಪರೀಕ್ಷೆ.

ಇನ್ನೊಂದು ಸೂಕ್ಷ್ಮ ಮ್ಯಾನುಯಲ್‌ನಲ್ಲಿ ಸಿಗುವುದಿಲ್ಲ. ಈ ಸೆನ್ಸರುಗಳ ಪಿಕ್ಸೆಲ್‌ಗೆ ಎರಡು ಗೇನ್ (ಸಂಕೇತವನ್ನು ವರ್ಧಿಸುವ ಮಟ್ಟ) ಇರುತ್ತದೆ. ಝಡ್8ರಲ್ಲಿ ಎರಡನೆಯದು ಐಎಸ್‌ಒ 500ಕ್ಕೆ, ಎ7ಆರ್ 5ರಲ್ಲಿ 320ಕ್ಕೆ ಚಾಲೂ ಆಗುತ್ತದೆ. ಶಟರ್, ಅಪರ್ಚರ್ ಎರಡನ್ನೂ ಬದಲಿಸಲಾಗದ ಸಂದರ್ಭದಲ್ಲಿ ಝಡ್8ರ 400ಕ್ಕಿಂತ 500ರಲ್ಲಿ, ಸೋನಿಯ 250ಕ್ಕಿಂತ 320ರಲ್ಲಿ ನೆರಳು ಸ್ವಚ್ಛವಾಗಿ ಬರುತ್ತದೆ. ಐಎಸ್‌ಒ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬ ಹಳೆಯ ರೂಢಿಯಲ್ಲಿ ಅಲ್ಲೇ ನಿಂತುಬಿಟ್ಟರೆ ನಷ್ಟ.

ಮೆಗಾಪಿಕ್ಸೆಲ್ ವಿಷಯ ಬೇಗ ಮುಗಿಸಬಹುದು. 61 ಎಂದರೆ 45ಕ್ಕಿಂತ ಎಷ್ಟೋ ಹೆಚ್ಚು ಎನಿಸುತ್ತದೆ. ಅಗಲದಲ್ಲಿ ಅಳೆದರೆ ಸೋನಿಯ ಚಿತ್ರ 9504 ಪಿಕ್ಸೆಲ್, ನಿಕಾನ್‌ನದು 8256, ಕ್ಯಾನನ್‌ನದು 8192. ವ್ಯತ್ಯಾಸ 15 ಶೇಕಡ. ಇಂಚಿಗೆ 300 ಪಿಕ್ಸೆಲ್‌ನಂತೆ ಪ್ರಿಂಟ್ ಹಾಕಿದರೆ ಸೋನಿಯದು 31.7 ಇಂಚು ಅಗಲ, ನಿಕಾನ್‌ನದು 27.5 ಇಂಚು. ಇದು ದೊರಕಬೇಕಾದರೂ ಕೈ ಅಲುಗಬಾರದು, ಲೆನ್ಸ್ ಒಳ್ಳೆಯದಿರಬೇಕು, ಎಫ್/11 ದಾಟಬಾರದು. ಸೋನಿಯ ಪಿಕ್ಸೆಲ್ 3.76 ಮೈಕ್ರಾನ್ ಅಗಲದ್ದು. ಎಫ್/16ರಲ್ಲಿ ಬೆಳಕಿನ ಚುಕ್ಕೆಯೇ ಸುಮಾರು 21 ಮೈಕ್ರಾನ್ ಹರಡಿಕೊಳ್ಳುವಾಗ ಹೆಚ್ಚುವರಿ ಪಿಕ್ಸೆಲ್ ಮಸುಕನ್ನೇ ಇನ್ನಷ್ಟು ವಿವರವಾಗಿ ದಾಖಲಿಸುತ್ತದೆ. ಸೋನಿಯ ರೆಸಲ್ಯೂಷನ್ ನಿಜಕ್ಕೂ ಲಾಭವಾಗುವುದು ಕ್ರಾಪ್‌ನಲ್ಲಿ. ಎಪಿಎಸ್-ಸಿ ಮೋಡಿಗೆ (ಸೆನ್ಸರಿನ ನಡುಭಾಗ ಮಾತ್ರ ಬಳಸುವುದು) ಹೋದರೂ 26 ಮೆಗಾಪಿಕ್ಸೆಲ್ ಉಳಿಯುತ್ತದೆ, ಝಡ್8ರಲ್ಲಿ 19 ಉಳಿಯುತ್ತದೆ.

ಈಗ ವೇಗ. ಝಡ್8 ಸೆಕೆಂಡಿಗೆ 20 ರಾ ಚಿತ್ರ, ಆರ್5 ಮಾರ್ಕ್ 2 ಎಲೆಕ್ಟ್ರಾನಿಕ್‌ನಲ್ಲಿ 30, ಮೆಕ್ಯಾನಿಕಲ್‌ನಲ್ಲಿ 12. ಎ7ಆರ್ 5 ಹತ್ತು ಎನ್ನುತ್ತದೆ, ಆದರೆ ಅದು ಲಾಸಿ ಕಂಪ್ರೆಸ್ಡ್ ರಾ (ಕೊಂಚ ಮಾಹಿತಿ ಬಿಟ್ಟು ಕುಗ್ಗಿಸಿದ್ದು) ಇಟ್ಟಾಗ. ಏನೂ ಕಳೆಯದೆ ಕುಗ್ಗಿಸುವ ಲಾಸ್‌ಲೆಸ್ ಕಂಪ್ರೆಸ್ಡ್ ಆರಿಸಿದರೆ ಸುಮಾರು 7ಕ್ಕೆ ಇಳಿಯುತ್ತದೆ.

ಅಂಕಿಗಿಂತ ಮುಖ್ಯವಾದದ್ದು ಕಾರ್ಡು. ಇಲ್ಲಿ ಎಡವುವವರೇ ಜಾಸ್ತಿ. ಝಡ್8ರ ಹೈ ಎಫಿಷಿಯೆನ್ಸಿ ಸ್ಟಾರ್ (ಗಾತ್ರ ಕುಗ್ಗಿಸಿದ ಬಗೆ) ರಾ ಫೈಲು ಸುಮಾರು 33 ಎಂಬಿ. ಸೆಕೆಂಡಿಗೆ 20 ಎಂದರೆ 660 ಎಂಬಿ. ಎಸ್‌ಡಿಗಿಂತ ಬಲು ವೇಗದ, ಒಳ್ಳೆಯ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಮೆಮೊರಿ ಕಾರ್ಡು ಇದನ್ನು ನುಂಗಿ ನೀರು ಕುಡಿಯುತ್ತದೆ. ಆದರೆ ಎರಡನೇ ಸ್ಲಾಟ್ ಎಸ್‌ಡಿ, ಯುಎಚ್‌ಎಸ್-2. ಅದರ ದಾರಿಯೇ ಸೆಕೆಂಡಿಗೆ ಗರಿಷ್ಠ 312 ಎಂಬಿಯದ್ದು. ಸುರಕ್ಷತೆಗೆಂದು ಬ್ಯಾಕಪ್ ಮೋಡ್ ಹಾಕಿ ಎರಡಕ್ಕೂ ರಾ ಬರೆಯಿಸಿದರೆ ಇಡೀ ಕ್ಯಾಮೆರಾ ಎಸ್‌ಡಿ ಕಾರ್ಡಿನ ವೇಗಕ್ಕೆ ಇಳಿಯುತ್ತದೆ. ಕೆಲವೇ ಸೆಕೆಂಡಿನಲ್ಲಿ ಬಫರ್ (ಕ್ಯಾಮೆರಾದೊಳಗಿನ ತಾತ್ಕಾಲಿಕ ಸಂಗ್ರಹ) ತುಂಬಿ ಬರ್ಸ್ಟ್, ಅಂದರೆ ಸತತ ಕ್ಲಿಕ್ಕಿಸುವಿಕೆ, ತೊದಲತೊಡಗುತ್ತದೆ. ಕ್ಯಾನನ್‌ಗೂ ಇದೇ ಜೋಡಿ ಸ್ಲಾಟು, ಇದೇ ಕಾಯಿಲೆ. ಮದ್ದು: ರಾ ಸಿಎಫ್‌ಎಕ್ಸ್‌ಪ್ರೆಸ್‌ಗೆ, ಜೆಪೆಗ್ ಎಸ್‌ಡಿಗೆ. ಸೋನಿಯ ಎರಡೂ ಸ್ಲಾಟುಗಳು ಒಂದೇ ಬಗೆ, ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಎ ಆಗಲಿ ಎಸ್‌ಡಿ ಆಗಲಿ ಎರಡರಲ್ಲೂ ಕೂರುತ್ತದೆ. ಬ್ಯಾಕಪ್ ಬೇಕೇ ಬೇಕು ಎನ್ನುವವರಿಗೆ ಇದು ಅಚ್ಚುಕಟ್ಟು. ಕಾರ್ಡು ಕೊಳ್ಳುವಾಗ ಲೇಬಲ್ ಮೇಲಿನ ಗರಿಷ್ಠ ವೇಗ ಬಿಟ್ಟು ಸತತ ಬರೆಯುವ ವೇಗ ಎಷ್ಟೆಂದು ನೋಡಿ. ಗರಿಷ್ಠ 1500 ಎಂದಿರುವ ಕಾರ್ಡು ಬಿಸಿಯಾದ ಮೇಲೆ 400ಕ್ಕೂ ಇಳಿಯಬಹುದು.

ಹಕ್ಕಿ ಕೊಂಬೆಯಿಂದ ಹಾರುವ ಕ್ಷಣ ಬೇಕಾದರೆ ಪ್ರೀ-ಕ್ಯಾಪ್ಚರ್. ಕ್ಯಾನನ್‌ನಲ್ಲಿ ಶಟರ್ ಅರ್ಧ ಒತ್ತಿ ಹಿಡಿದಿದ್ದರೆ, ಪೂರ್ತಿ ಒತ್ತುವ ಮುಂಚಿನ ಅರ್ಧ ಸೆಕೆಂಡಿನ 15 ಚಿತ್ರಗಳೂ ಸಿಗುತ್ತವೆ, ಅದೂ ರಾದಲ್ಲಿ. ಝಡ್8ರಲ್ಲೂ ಈ ಸೌಲಭ್ಯವಿದೆ, ಆದರೆ ಜೆಪೆಗ್ ಮಾತ್ರ. ಸಂಜೆಯ ಬೆಳಕಿನಲ್ಲಿ ಬಿಳಿ ಹಕ್ಕಿಯ ಎಕ್ಸ್‌ಪೋಶರ್ ತಪ್ಪಿದರೆ ಜೆಪೆಗ್‌ನಿಂದ ಗರಿಯ ವಿವರ ವಾಪಸು ಬರುವುದಿಲ್ಲ. ಸೋನಿ ಎ7ಆರ್ 5ರಲ್ಲಿ ಈ ಸೌಲಭ್ಯವೇ ಇಲ್ಲ. ಹಕ್ಕಿಯೇ ಮುಖ್ಯ ಎನ್ನುವವರಿಗೆ ಇಲ್ಲಿ ಕ್ಯಾನನ್ ಸ್ಪಷ್ಟವಾಗಿ ಮುಂದು.

ಆಟೋಫೋಕಸ್‌ನಲ್ಲಿ ಮೂರೂ ಒಳ್ಳೆಯವೇ. ತಪ್ಪುವ ಬಗೆ ಬೇರೆ ಬೇರೆ. ಸೋನಿಯ ಎಐ ಚಿಪ್ ಮನುಷ್ಯನ ಭಂಗಿಯನ್ನೇ ಗುರುತಿಸುವುದರಿಂದ ಬೆನ್ನು ತಿರುಗಿಸಿದರೂ ತಲೆಯನ್ನು ಬಿಡುವುದಿಲ್ಲ. ಝಡ್8ರ 3ಡಿ ಟ್ರ್ಯಾಕಿಂಗ್ (ವಸ್ತುವನ್ನು ಫ್ರೇಮಿನುದ್ದಕ್ಕೂ ಹಿಂಬಾಲಿಸುವ ಮೋಡ್) ಹಿಡಿದ ಮೇಲೆ ಗಟ್ಟಿ, ಹಿಡಿಯುವ ಮೊದಲು ಹಿನ್ನೆಲೆಯ ಹುಲ್ಲಿಗೆ ಮನಸೋಲುತ್ತದೆ. ಹಾಗಾಗಿ ಶುರುವಿಗೆ ವೈಡ್ ಏರಿಯಾದ ಸಣ್ಣ ಚೌಕದಲ್ಲಿ ಹಿಡಿದು, ಇನ್ನೊಂದು ಬಟನ್‌ಗೆ 3ಡಿ ಕೊಟ್ಟು ಅದಕ್ಕೆ ದಾಟಿಸುವುದು ಒಳ್ಳೆಯದು. 2024ರ ಫರ್ಮ್‌ವೇರ್ 2.00ರಲ್ಲಿ ಹಕ್ಕಿಗೆ ಪ್ರತ್ಯೇಕ ಮೋಡ್ ಬಂತು. ಹಳೆಯ ಫರ್ಮ್‌ವೇರ್ ಇರುವ ಸೆಕೆಂಡ್‌ಹ್ಯಾಂಡ್ ಬಾಡಿ ಕೈಗೆ ಬಂದರೆ ಮೊದಲು ಅಪ್‌ಡೇಟ್ ಮಾಡಿ, ಆಮೇಲೆ ತೀರ್ಪು ಕೊಡಿ.

ಕ್ಯಾನನ್‌ನ ಐ ಕಂಟ್ರೋಲ್, ಅಂದರೆ ನೋಡಿದ ಕಡೆಗೆ ಫೋಕಸ್ ಬಿಂದು ಹೋಗುವ ವ್ಯವಸ್ಥೆ, ಕೆಲವರಿಗೆ ಮಾಯೆ, ಕೆಲವರಿಗೆ ತಲೆನೋವು. ಒಂದೇ ಸಲ ಕ್ಯಾಲಿಬ್ರೇಟ್ ಮಾಡಿ ಸರಿಯಿಲ್ಲ ಎಂದು ಮೂಲೆಗೆ ಹಾಕಬೇಡಿ. ಅಡ್ಡ ಹಿಡಿದು, ಉದ್ದ ಹಿಡಿದು, ಬಿಸಿಲಲ್ಲಿ, ಮಬ್ಬಿನಲ್ಲಿ ನಾಲ್ಕೈದು ಸಲ ಮಾಡಿದರೆ ನಿಖರತೆ ಕೂಡಿಕೊಳ್ಳುತ್ತದೆ. ಕನ್ನಡಕ ಹಾಕಿ ಒಂದು, ಹಾಕದೆ ಒಂದು, ಬೇರೆ ಬೇರೆ ನಂಬರಿಗೆ ಉಳಿಸಿಕೊಳ್ಳಿ. ದಪ್ಪ ಗಾಜಿನ ಕನ್ನಡಕಕ್ಕೆ ಇದು ಅಷ್ಟಾಗಿ ಒಗ್ಗುವುದಿಲ್ಲ. ಗುಂಪಿನಲ್ಲಿ ಒಬ್ಬ ಆಟಗಾರನಿಂದ ಇನ್ನೊಬ್ಬನಿಗೆ ಜಿಗಿಯಬೇಕಾದಾಗ ಜಾಯ್‌ಸ್ಟಿಕ್‌ಗಿಂತ ಎಷ್ಟೋ ಚುರುಕು.

ವ್ಯೂಫೈಂಡರ್ ವಿಷಯದಲ್ಲಿ ಅಂಕಿ ದಾರಿ ತಪ್ಪಿಸುತ್ತದೆ. ಸೋನಿಯದು 94.4 ಲಕ್ಷ ಚುಕ್ಕೆ, ಕ್ಯಾನನ್‌ನದು 57.6 ಲಕ್ಷ, ನಿಕಾನ್‌ನದು ಬರೀ 36.9 ಲಕ್ಷ. ನಿಂತ ದೃಶ್ಯಕ್ಕೆ ಸೋನಿಯ ಕಿಟಕಿಗೆ ಸಾಟಿಯಿಲ್ಲ, ಮ್ಯಾನುಯಲ್ ಫೋಕಸ್ ಮಾಡುವವರಿಗಂತೂ ಹಬ್ಬ. ಬರ್ಸ್ಟ್ ಒತ್ತಿದ ಕೂಡಲೇ ಕಥೆ ತಿರುಗುತ್ತದೆ: ಝಡ್8, ಕ್ಯಾನನ್ ಎರಡರಲ್ಲೂ ದೃಶ್ಯ ತಡೆಯಿಲ್ಲದೆ ಹರಿಯುತ್ತದೆ, ಸೋನಿಯಲ್ಲಿ ಪ್ರತಿ ಕ್ಲಿಕ್ಕಿಗೂ ಕಪ್ಪು ಮಿನುಗು.

ಎಲ್‌ಇಡಿ ಬೆಳಕಿನ ಪಟ್ಟೆಗೆ ಯಾವ ಕ್ಯಾಮೆರಾವೂ ಪೂರ್ತಿ ಹೊರತಲ್ಲ. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅದಕ್ಕೆ 1/100 ಅಥವಾ 1/50 ಇಟ್ಟರೆ ಪಟ್ಟೆ ಮಾಯ. ವೇದಿಕೆಯ ದೊಡ್ಡ ಎಲ್‌ಇಡಿ ಪರದೆಗಳು ಸಾವಿರಾರು ಸಲ ಮಿನುಗುತ್ತವೆ. ಅಲ್ಲಿ ಹೈ ಫ್ರೀಕ್ವೆನ್ಸಿ ಫ್ಲಿಕರ್ ರಿಡಕ್ಷನ್ ಆನ್ ಮಾಡಿ, ಶಟರನ್ನು ಬಲು ಸಣ್ಣ ಹೆಜ್ಜೆಯಲ್ಲಿ ಏರಿಳಿಸುತ್ತ ವ್ಯೂಫೈಂಡರಿನಲ್ಲಿ ಪಟ್ಟೆ ಕರಗುವ ವೇಗವನ್ನು ಹುಡುಕಬೇಕು. ಈ ಸೌಲಭ್ಯ ಮೂರರಲ್ಲೂ ಇದೆ.

ತೂಕ ಬ್ಯಾಟರಿ, ಕಾರ್ಡು ಸೇರಿ ಝಡ್8 910 ಗ್ರಾಂ, ಕ್ಯಾನನ್ 746, ಸೋನಿ 723. ದೊಡ್ಡ ಟೆಲಿ ಲೆನ್ಸ್ ಹಾಕಿದಾಗ ನಿಕಾನ್‌ನ ಆಳದ ಹಿಡಿಯೇ ಹಿತ. ಸೋನಿಯಲ್ಲಿ ಕಿರುಬೆರಳಿಗೆ ಜಾಗ ಸಾಲದು. ಬ್ಯಾಟರಿಯಲ್ಲಿ ಸೋನಿ ಮುಂದು: ವ್ಯೂಫೈಂಡರ್ ಬಳಸಿ ಸಿಪಾ (ಕ್ಯಾಮೆರಾ ತಯಾರಕರ ಸಂಘ) ಲೆಕ್ಕದಲ್ಲಿ 440 ಚಿತ್ರ. ಝಡ್8ಕ್ಕೆ 330ರ ಆಸುಪಾಸು. ಬರ್ಸ್ಟ್‌ನಲ್ಲಿ ಇವೆಲ್ಲ ಹಲವು ಪಟ್ಟು ಹೆಚ್ಚಾಗುತ್ತವೆ ನಿಜ, ಆದರೂ ದಿನವಿಡೀ ಕೆಲಸಕ್ಕೆ ನಿಕಾನ್‌ಗೆ ಮೂರು, ಸೋನಿಗೆ ಎರಡು ಎಂದು ಲೆಕ್ಕ ಹಾಕಿ. ಕ್ಯಾನನ್‌ಗೆ ಹಳೆಯ ಎಲ್‌ಪಿ-ಇ6ಎನ್‌ಎಚ್ ಬ್ಯಾಟರಿ ಕೂರುತ್ತದೆ, ಆದರೆ ಹೊಸ ಎಲ್‌ಪಿ-ಇ6ಪಿ ಇಲ್ಲದೆ ಕೆಲವು ಸೌಲಭ್ಯಗಳು ತೆರೆಯುವುದಿಲ್ಲ. ಮೆನುವಿನಲ್ಲಿ ಯಾವುದಾದರೂ ಆಯ್ಕೆ ಬೂದುಬಣ್ಣಕ್ಕೆ ತಿರುಗಿದ್ದರೆ ಬ್ಯಾಟರಿ ತೆಗೆದು ಹೆಸರು ಓದಿ.

ಬಾಡಿ ಆರಿಸುವ ಮೊದಲು ಲೆನ್ಸ್ ಪಟ್ಟಿ ಬರೆಯಿರಿ. ಸೋನಿ ಮೌಂಟಿಗೆ ಬೇರೆ ಕಂಪನಿಗಳ ಆಟೋಫೋಕಸ್ ಲೆನ್ಸ್ ಧಾರಾಳ, ನಿಕಾನ್‌ಗೆ ತಕ್ಕಮಟ್ಟಿಗೆ, ಕ್ಯಾನನ್‌ನ ಫುಲ್‌ಫ್ರೇಮ್ ಆರ್‌ಎಫ್‌ಗೆ ಬಲು ಕಡಿಮೆ. ಹಳೆಯ ಇಎಫ್ ಲೆನ್ಸ್‌ಗಳು ಕಪಾಟಿನಲ್ಲಿದ್ದರೆ ಮಾತ್ರ ಲೆಕ್ಕ ಬೇರೆ. ಅಡಾಪ್ಟರ್ ಮೂಲಕ ಅವು ಚೆನ್ನಾಗಿಯೇ ಓಡುತ್ತವೆ.

ಕಟ್ಟಡ, ಭೂದೃಶ್ಯ, ಕಲಾಕೃತಿಯ ಪ್ರತಿ ತೆಗೆಯುವ ಕೆಲಸಕ್ಕೆ ಎ7ಆರ್ 5. ಸೆನ್ಸರನ್ನು ಚೂರುಚೂರೇ ಸರಿಸಿ ತೆಗೆಯುವ ಅದರ 16 ಚಿತ್ರಗಳ ಪಿಕ್ಸೆಲ್ ಶಿಫ್ಟ್ 240 ಮೆಗಾಪಿಕ್ಸೆಲ್ ಕೊಡುತ್ತದೆ, ಆದರೆ ಜೋಡಿಸುವುದು ಕಂಪ್ಯೂಟರಿನಲ್ಲಿ, ಒಂದು ಎಲೆ ಅಲುಗಿದರೂ ಅಲ್ಲಿ ಚೌಕಳಿ ಬೀಳುತ್ತದೆ. ಹಕ್ಕಿ, ಆಟ, ಓಡುವ ಮಕ್ಕಳಿಗೆ ಆರ್5 ಮಾರ್ಕ್ 2. ಅದೂ ಇದೂ ಎರಡೂ ಬೇಕು, ಫ್ಲ್ಯಾಷೂ ಬೇಕು, ಸದ್ದು ಬೇಡ ಎನ್ನುವವರಿಗೆ ಝಡ್8.

ಯಾವುದನ್ನೇ ತಂದರೂ ಮೊದಲ ದಿನ ಮೆನು ತೆರೆದು, ಕ್ಯಾಮೆರಾ ಆಫ್ ಮಾಡಿದಾಗ ಸೆನ್ಸರ್ ಮುಚ್ಚುವ ಸೆಟ್ಟಿಂಗ್ ಆನ್ ಆಗಿದೆಯೇ ನೋಡಿ. ಝಡ್8ರಲ್ಲಿ ಅದಕ್ಕೆಂದೇ ಮುಚ್ಚಳವಿದೆ, ಉಳಿದೆರಡರಲ್ಲಿ ಶಟರ್ ಪರದೆಯೇ ಮುಚ್ಚಿಕೊಳ್ಳುತ್ತದೆ. ಆ ಪರದೆ ಬಲು ತೆಳು, ಬೆರಳು ತಾಗಿಸಬೇಡಿ. ಲೆನ್ಸ್ ಬದಲಿಸುವಾಗ ಬಾಡಿಯ ಬಾಯಿ ಕೆಳಗಿರಲಿ.