ಮಡಿಕೇರಿಯ ಲಿವರ್ ಕ್ಲಿನಿಕ್: ಆರು ತಿಂಗಳ ತಪಾಸಣೆ ಹೇಗಿದೆ?

ಹೆಪಟೈಟಿಸ್ ಬಿ ಸೋಂಕಿನಿಂದ ಸಿರೋಸಿಸ್ (ಲಿವರ್ ಗಡುಸಾಗುವ ಕಾಯಿಲೆ) ಆಗಿರುವ ನಮ್ಮ ದೊಡ್ಡಪ್ಪನವರನ್ನು ಸೋಮವಾರಪೇಟೆಯಿಂದ ಮಡಿಕೇರಿಯ ಖಾಸಗಿ ಲಿವರ್ ಕ್ಲಿನಿಕ್ ಒಂದಕ್ಕೆ ಆರು ತಿಂಗಳಿಗೊಮ್ಮೆ ಲಿವರ್ ಕ್ಯಾನ್ಸರ್ ತಪಾಸಣೆಗೆ ಕರೆದೊಯ್ಯುತ್ತೇವೆ.

ಇಲ್ಲಿ ನನಗೆ ಬಹಳ ಹಿಡಿಸಿದ್ದು ವೈದ್ಯರು ಕಾಯಿಲೆಯನ್ನು ತಾಳ್ಮೆಯಿಂದ ಬಿಡಿಸಿ ಹೇಳುವ ರೀತಿ. ವರ್ಷಗಟ್ಟಲೆ ಉರಿಯೂತವಿದ್ದರೆ ಲಿವರಿನ ಜೀವಕೋಶಗಳು ಸಾಯುತ್ತ, ಹೊಸವು ಹುಟ್ಟುತ್ತ, ನಡುವೆ ನಾರಿನಂಥ ಅಂಗಾಂಶ ತುಂಬಿಕೊಂಡು ಇಡೀ ಅಂಗ ಗಡುಸಾಗುತ್ತದೆ. ಕೋಶಗಳು ಹೀಗೆ ಮತ್ತೆ ಮತ್ತೆ ವಿಭಜನೆಯಾಗುವಾಗ ಡಿಎನ್‌ಎಯಲ್ಲಿ ತಪ್ಪುಗಳು ಸೇರುತ್ತ ಹೋಗಿ, ಯಾವುದೋ ಒಂದು ಕೋಶ ಅಂಕೆ ಮೀರಿ ಬೆಳೆಯತೊಡಗುತ್ತದೆ. ಮದ್ಯಪಾನ, ಹೆಪಟೈಟಿಸ್ ಸಿ, ಸಕ್ಕರೆ ಕಾಯಿಲೆಯ ಜೊತೆಗೆ ಬರುವ ಫ್ಯಾಟಿ ಲಿವರ್, ಇವೆಲ್ಲ ಬಹುಮಟ್ಟಿಗೆ ಈ ದಾರಿಯಲ್ಲೇ ಕ್ಯಾನ್ಸರ್ ತಲುಪುತ್ತವೆ. ಹೆಪಟೈಟಿಸ್ ಬಿ ವೈರಸ್ ತನ್ನ ಡಿಎನ್‌ಎಯನ್ನು ನಮ್ಮ ಕೋಶದ ಡಿಎನ್‌ಎಯೊಳಗೆ ಸೇರಿಸಬಲ್ಲುದಾದ್ದರಿಂದ, ಸಿರೋಸಿಸ್ ಇಲ್ಲದವರಲ್ಲೂ ಕ್ಯಾನ್ಸರ್ ಬರಬಹುದು. ಇದನ್ನು ತಿಳಿಸಿ ಮನೆಯವರೆಲ್ಲರ ರಕ್ತ ಪರೀಕ್ಷೆ ಮಾಡಿಸಿ, ಸೋಂಕಿಲ್ಲದವರಿಗೆ ಲಸಿಕೆ ಹಾಕಿಸಿದ್ದು ಅವರೇ.

ತಪಾಸಣೆಯೆಂದರೆ ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ರಕ್ತದಲ್ಲಿ ಎಎಫ್‌ಪಿ (ಲಿವರ್ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ಪ್ರೋಟೀನ್) ಪರೀಕ್ಷೆ. ಹಳೆಯ ಸ್ಕ್ಯಾನನ್ನು ಹೊಸದರ ಪಕ್ಕದಲ್ಲಿಟ್ಟು ನೋಡುತ್ತಾರೆ, ದಿನ ಹತ್ತಿರವಾದಾಗ ತಾವೇ ಫೋನ್ ಮಾಡುತ್ತಾರೆ. ಸಣ್ಣ ಗಡ್ಡೆಗೆ ನೋವಿರುವುದಿಲ್ಲ, ಆದರೆ ಗುಣಪಡಿಸಲು ಅವಕಾಶವಿರುವುದು ಆಗಲೇ. ಆ ಫೋನ್ ಕರೆಯ ಬೆಲೆಯನ್ನು ನಾನು ಅಲ್ಲಿಂದ ಅಳೆಯುತ್ತೇನೆ.

ಕೊರತೆಗಳೂ ಇವೆ. ಸ್ಕ್ಯಾನಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಆ ದಿನದ ಸರದಿ ತಪ್ಪುತ್ತದೆ, ಮತ್ತೆ ದಿನ ಸಿಗುವುದು ತಡ. ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನಿಗೆ ಬೇರೆ ಶುಲ್ಕವೆಂದು ಮೊದಲೇ ಹೇಳುವುದಿಲ್ಲ. ವರದಿಯ ಜೊತೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ವಯಸ್ಸಾದವರಿಗೆ ಎಷ್ಟೋ ಅನುಕೂಲ.

ಇದಕ್ಕೂ ಮೊದಲು ದೊಡ್ಡಪ್ಪ ಬೇರೊಂದು ಲ್ಯಾಬಿನ ‘ಲಿವರ್ ಪ್ಯಾಕೇಜ್’ ಮಾಡಿಸುತ್ತಿದ್ದರು. ಅದು ಅಗ್ಗ, ಆದರೆ ಅದರಲ್ಲಿ ಸ್ಕ್ಯಾನ್ ಇಲ್ಲ. ಸಿರೋಸಿಸ್ ಇದ್ದರೂ ಲಿವರ್ ಎನ್‌ಜೈಮ್‌ಗಳು ಸರಿಯಾಗಿಯೇ ಕಾಣಬಹುದು, ಆರಂಭದ ಕ್ಯಾನ್ಸರಿನಲ್ಲಿ ಎಎಫ್‌ಪಿಯೂ ಏರದಿರಬಹುದು. ಹಾಗಾಗಿ ಸಿರೋಸಿಸ್ ಇರುವವರು ಬರೀ ರಕ್ತ ಪರೀಕ್ಷೆಯನ್ನು ನಂಬಿ ಕೂರಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಕಾಫಿ ಬಿಡಬೇಕೇ ಎಂದು ದೊಡ್ಡಪ್ಪ ಆತಂಕದಿಂದ ಕೇಳಿದ್ದರು. ಬೇಡ, ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆಯೆಂದು ಅಧ್ಯಯನಗಳು ಕಂಡಿವೆ, ಆದರೆ ಅದು ಔಷಧಿಯಲ್ಲ, ಮದ್ಯ ಮಾತ್ರ ಪೂರ್ತಿ ಬಿಡಬೇಕು ಎಂದರು ವೈದ್ಯರು. ಹೋಗುವವರು ಹಳೆಯ ಸ್ಕ್ಯಾನ್ ವರದಿಗಳನ್ನು ತಪ್ಪದೆ ಒಯ್ಯಿರಿ. ಹೆಪಟೈಟಿಸ್ ಸಿ ಮಾತ್ರೆಯಿಂದ ವಾಸಿಯಾಗಿದ್ದರೂ ಸಿರೋಸಿಸ್ ಉಳಿದಿರುವವರು ಈ ತಪಾಸಣೆಯನ್ನು ನಿಲ್ಲಿಸಬೇಡಿ.